ಬಾನುಲಿಯ ಇಂಗ್ಲಿಷು, ದ್ವೀಪದವರ ದನಿ

1943ನೆಯ ಇಸವಿ. ಎರಡನೆಯ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಲಂಡನ್ನಿನ ಬಿ.ಬಿ.ಸಿ. ಸಂಸ್ಥೆಯು ಆ ಒಂದೇ ವರ್ಷದಲ್ಲಿ ಎರಡು ಕಾರ್ಯಕ್ರಮಗಳಿಗೆ ತೊಡಗಿತು. ಒಂದರ ಹೆಸರು ‘ಇಂಗ್ಲಿಷ್ ಬೈ ರೇಡಿಯೋ’. ಇಂಗ್ಲಿಷನ್ನು ಹೇಗೆ ಆಡಬೇಕೆಂಬುದನ್ನು ಪರದೇಶದವರಿಗೆ ಪುಟ್ಟ ಪುಟ್ಟ ಪಾಠಗಳಲ್ಲಿ ಕಲಿಸುವುದು ಅದರ ಉದ್ದೇಶ. ಇನ್ನೊಂದರ ಹೆಸರು ‘ಕೆರಿಬಿಯನ್ ವಾಯ್ಸಸ್’, ಎಂದರೆ ಕೆರಿಬಿಯನ್ ದನಿಗಳು. ವೆಸ್ಟ್ ಇಂಡೀಸಿನ ದ್ವೀಪಗಳಲ್ಲಿ ಹುಟ್ಟಿ ಬೆಳೆದವರು ಬರೆದ ಕಥೆ ಕವನಗಳನ್ನು ಲಂಡನ್ನಿನಲ್ಲಿ ಓದಿಸಿ, ಅದೇ ದ್ವೀಪಗಳಿಗೆ ಕೇಳಿಸುವುದು ಇದರ ಕೆಲಸ. ಒಂದು ಕಾರ್ಯಕ್ರಮ ಇಂಗ್ಲಿಷನ್ನು ಕಲಿಸುತ್ತಿತ್ತು. ಇನ್ನೊಂದು, ಅದನ್ನು ಕಲಿತವರು ಏನು ಮಾಡಿಕೊಂಡರೆಂಬುದನ್ನು ಕೇಳುತ್ತಿತ್ತು. ಒಂದೇ ಸಂಸ್ಥೆ, ಒಂದೇ ಬಗೆಯ ಯಂತ್ರ.

ಕನ್ನಡದ ಹಳೆಯ ಲಕ್ಷಣಗ್ರಂಥಗಳನ್ನು ಓದಿದವರಿಗೆ ಈ ಜೋಡಿ ಹೊಸದಾಗಿ ಕಾಣುವುದಿಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಮಾರ್ಗ ದೇಸಿಗಳ ವಿಚಾರವನ್ನು ಎತ್ತಿದೆ. ಕನ್ನಡನಾಡಿನ ದೇಸಿಗಳು ಬೇರೆ ಬೇರೆಯಾಗಿರುವುದರಿಂದ ಅವುಗಳ ದೋಷ ಇಷ್ಟೆಂದು ಎಣಿಸಹೋದರೆ ಸಾವಿರ ಹೆಡೆಯ ವಾಸುಕಿಗೂ ಬೇಸರವಾದೀತೆಂದು ಆ ಗ್ರಂಥಕಾರ ಹೇಳುತ್ತಾನೆ. ಇಂಗ್ಲಿಷಿಗೂ ಮಾರ್ಗವುಂಟು, ದೇಸಿಯುಂಟು. ಇಪ್ಪತ್ತನೆಯ ಶತಮಾನದಲ್ಲಿ ಮಾರ್ಗದ ಪಕ್ಷಕ್ಕೆ ಯಂತ್ರಗಳ ಬಲ ಬಂದಿತು. ಅದೇ ಯಂತ್ರಗಳು ಕೆಲವು ಕಾಲದ ಮೇಲೆ ದೇಸಿಯ ಕೈಗೆ ಬಂದುವು. ಈ ಲೇಖನ ಆ ಕೈಬದಲಾವಣೆಯ ಕಥೆ.

ಯಂತ್ರಕ್ಕೆ ಮೊದಲು ಉಚ್ಚಾರಣೆಯನ್ನು ಕಲಿಸುವವರು ಮನುಷ್ಯರೇ. ಗುರು ನುಡಿದಂತೆ ಶಿಷ್ಯ ನುಡಿಯಬೇಕು. ಗುರು ಮಡಿದರೆ ದನಿಯೂ ಹೋಯಿತು. 1877ರಲ್ಲಿ ಎಡಿಸನ್ ಧ್ವನಿಯನ್ನು ಹಿಡಿದಿಡುವ ಫೋನೋಗ್ರಾಫನ್ನು ಕಂಡುಹಿಡಿದ ಮೇಲೆ ಒಬ್ಬನ ಉಚ್ಚಾರಣೆ ಸಾವಿರ ಮನೆಗಳಿಗೆ ಗುರುವಾಗುವುದು ಸಾಧ್ಯವಾಯಿತು. 1901ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಲಿಂಗ್ವಾಫೋನ್ ಸಂಸ್ಥೆಯು ಈ ಸಾಧ್ಯತೆಯನ್ನೇ ವ್ಯಾಪಾರವಾಗಿ ಮಾಡಿಕೊಂಡಿತು. ಪುಸ್ತಕ ಎದುರಿಗಿಟ್ಟುಕೊಂಡು ಗ್ರಾಮಫೋನು ತಟ್ಟೆಯನ್ನು ತಿರುಗಿಸಿ, ಅದು ಹೇಳಿದಂತೆ ಹೇಳುವ ಪಾಠಕ್ರಮ ಮನೆಮನೆಗೆ ಬಂದಿತು. ಬರ್ನಾರ್ಡ್ ಷಾ 1913ರಲ್ಲಿ ಮೊದಲು ರಂಗವೇರಿದ ತನ್ನ ‘ಪಿಗ್ಮೇಲಿಯನ್’ ನಾಟಕದಲ್ಲಿ ಹೂ ಮಾರುವ ಹುಡುಗಿಯೊಬ್ಬಳನ್ನು ಭಾಷಾಪಂಡಿತನ ಮನೆಗೆ ಕರೆತರುತ್ತಾನೆ. ಆ ಮನೆಯಲ್ಲಿ ಫೋನೋಗ್ರಾಫು ಇದೆ, ಮೇಣದ ಉರುಳೆಗಳಿವೆ. ಹುಡುಗಿಯ ಉಚ್ಚಾರಣೆಯನ್ನು ತಿದ್ದಿದರೆ ಅವಳ ಜಾತಕವೇ ಬದಲಾಗುವುದೆಂಬ ನಂಬಿಕೆ ಆ ಪಂಡಿತನದು. ನಾಟಕ ವಿನೋದದ್ದು, ನಂಬಿಕೆ ಮಾತ್ರ ಇಂಗ್ಲೆಂಡಿನಲ್ಲಿ ವಿನೋದವಾಗಿರಲಿಲ್ಲ.

1917ರಲ್ಲಿ ಡೇನಿಯಲ್ ಜೋನ್ಸ್ ಎಂಬ ಧ್ವನಿಶಾಸ್ತ್ರಜ್ಞನ ಇಂಗ್ಲಿಷ್ ಉಚ್ಚಾರಣೆಯ ನಿಘಂಟು ಹೊರಬಂದಿತು. 1926ರಲ್ಲಿ ಬಿ.ಬಿ.ಸಿ.ಯು ಮಾತಿನ ಇಂಗ್ಲಿಷಿಗಾಗಿಯೇ ಒಂದು ಸಲಹಾ ಸಮಿತಿಯನ್ನು ನೇಮಿಸಿತು. ಆಸ್ಥಾನಕವಿ ರಾಬರ್ಟ್ ಬ್ರಿಜೆಸ್ ಅದರ ಅಧ್ಯಕ್ಷ; ಅವನ ತರುವಾಯ ಷಾ ಅಧ್ಯಕ್ಷನಾದ. ಯಾವ ಶಬ್ದವನ್ನು ಹೇಗೆ ಉಚ್ಚರಿಸಬೇಕೆಂದು ವಿದ್ವಾಂಸರು ಕೂತು ನಿರ್ಣಯಿಸುತ್ತಿದ್ದರು. ನಿರ್ಣಯಗಳು ಪುಸ್ತಿಕೆಗಳಾಗಿ ಅಚ್ಚಾಗುತ್ತಿದ್ದುವು. ಸಮಿತಿಯ ಕಾರ್ಯದರ್ಶಿ ಲಾಯ್ಡ್ ಜೇಮ್ಸ್ ವೇಲ್ಸ್ ಪ್ರಾಂತದವನು. ಅಧ್ಯಕ್ಷನಾದ ಷಾ ಐರ್ಲೆಂಡಿನವನು. ಶುದ್ಧ ಇಂಗ್ಲಿಷನ್ನು ಕಾಯುವುದಕ್ಕೆ ಅಂಚಿನವರೇ ಬೇಕಾದರು ನೋಡಿ! ಇದೇ ಷಾ 1927ರಲ್ಲಿ ಲಿಂಗ್ವಾಫೋನಿನವರಿಗಾಗಿ ಒಂದು ಭಾಷಣವನ್ನು ಮುದ್ರಿಸಿಕೊಟ್ಟ. ಇಂಗ್ಲಿಷ್ ಕಲಿಯುವ ಪರದೇಶದವರಿಗೆ ಅವನು ಅದರಲ್ಲಿ ಹೇಳಿದ್ದರ ತಾತ್ಪರ್ಯವಿಷ್ಟು: ತಪ್ಪೇ ಇಲ್ಲದ ಆದರ್ಶ ಇಂಗ್ಲಿಷೆಂಬುದು ಎಲ್ಲಿಯೂ ಇಲ್ಲ, ಇಬ್ಬರು ಬ್ರಿಟಿಷರು ಒಂದೇ ಬಗೆಯಾಗಿ ಮಾತಾಡುವುದಿಲ್ಲ. ಶುದ್ಧೋಚ್ಚಾರಣೆಯನ್ನು ಮಾರುವ ಕಂಪನಿಯ ತಟ್ಟೆಯಲ್ಲಿಯೇ ಈ ಮಾತು ಕುಳಿತಿತ್ತು.

ಬಿ.ಬಿ.ಸಿ.ಯ ವಾರ್ತೆ ಮಾತ್ರ ಮಾರ್ಗವನ್ನು ಬಿಡಲಿಲ್ಲ. 1941ರಲ್ಲಿ ವಿಲ್ಫ್ರೆಡ್ ಪಿಕಲ್ಸ್ ಎಂಬ ಯಾರ್ಕ್‌ಷೈರಿನವನನ್ನು ವಾರ್ತೆ ಓದಲು ಕೂರಿಸಿದರು. ಅವನು ತನ್ನ ಊರಿನ ಉಚ್ಚಾರಣೆಯಲ್ಲಿ ಶುಭರಾತ್ರಿ ಹೇಳಿದನೆಂದು ಎಷ್ಟೋ ಶ್ರೋತೃಗಳು ಮುನಿದರು. ಸ್ವದೇಶದ ದೇಸಿಗೇ ಇಷ್ಟು ಮಾತ್ರದ ಮರ್ಯಾದೆ. ಇನ್ನು ಸಮುದ್ರದಾಚೆಯ ದೇಸಿಯ ಪಾಡೇನು?

ಇಲ್ಲಿಂದ ನಾವು ದ್ವೀಪಗಳಿಗೆ ಹೋಗಬೇಕು. ಜಮೈಕಾ, ಬಾರ್ಬಡೋಸ್, ಟ್ರಿನಿಡಾಡ್ ಮುಂತಾದ ದ್ವೀಪಗಳು ಬ್ರಿಟಿಷರ ಕಬ್ಬಿನ ತೋಟಗಳಾಗಿದ್ದುವು. ಆಫ್ರಿಕದಿಂದ ಗುಲಾಮರಾಗಿ ತಂದ ಜನ ಹತ್ತಾರು ಭಾಷೆಗಳನ್ನು ಆಡುವವರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಯಜಮಾನನ ಇಂಗ್ಲಿಷನ್ನೇ ಹಿಡಿದು, ಅದರ ಶಬ್ದಗಳಿಗೆ ತಮ್ಮ ವ್ಯಾಕರಣದ ಕಟ್ಟನ್ನೂ ತಮ್ಮ ಏರಿಳಿತವನ್ನೂ ಹಾಕಿ ಅವರು ಹೊಸದೊಂದು ಮಾತನ್ನು ಕಟ್ಟಿಕೊಂಡರು. ಕ್ರಿಯಾಪದಕ್ಕೆ ಕಾಲಪ್ರತ್ಯಯವಿಲ್ಲದೆಯೇ ಅರ್ಥ ನಡೆಯುತ್ತದೆ. ಕಾಲವನ್ನು ಬೇರೆ ಪದ ಹೇಳುತ್ತದೆ. ಹೊರಗಿನವರ ಕಿವಿಗೆ ಇದು ತಪ್ಪು ಇಂಗ್ಲಿಷು. ಒಳಗಿನವರಿಗೆ ನಿಯಮಬದ್ಧವಾದ ಮನೆಮಾತು. 1838ರಲ್ಲಿ ಗುಲಾಮರಿಗೆ ಪೂರ್ಣ ಬಿಡುಗಡೆಯಾದ ಬಳಿಕ ತೋಟಗಳಿಗೆ ಕೂಲಿಯಾಳು ಸಾಲದೆ ನಮ್ಮ ದೇಶದಿಂದ ಕರಾರಿನ ಕೂಲಿಗಳನ್ನು ಒಯ್ದರು. ಟ್ರಿನಿಡಾಡಿಗೆ ಮೊದಲ ಹಡಗು ತಲುಪಿದ್ದು 1845ರಲ್ಲಿ. 1917ರವರೆಗೆ ಆ ಒಂದು ದ್ವೀಪಕ್ಕೇ ಸುಮಾರು 1,43,000 ಜನ ಹೋದರು. ಬಹುಪಾಲು ಕಲ್ಕತ್ತೆಯ ಬಂದರಿನಿಂದ, ಸ್ವಲ್ಪ ಪಾಲು ಮದರಾಸಿನಿಂದ. ಮೂರನೆಯ ತಲೆಮಾರಿನ ಹೊತ್ತಿಗೆ ಅವರ ಮಕ್ಕಳ ಬಾಯಲ್ಲಿ ಭೋಜಪುರಿ ತೆಳುವಾಗಿ, ಟ್ರಿನಿಡಾಡಿನ ಇಂಗ್ಲಿಷು ನೆಲೆಸಿತ್ತು.

ಶಾಲೆಯ ಪುಸ್ತಕಗಳು ಬೇರೊಂದು ಲೋಕದಿಂದ ಬಂದುವು. ನೆಲ್ಸನ್ ಕಂಪನಿಯ ‘ರಾಯಲ್ ರೀಡರ್’ ಪುಸ್ತಕಮಾಲೆಯನ್ನು ಮಕ್ಕಳು ಬಾಯಿಪಾಠ ಮಾಡಿದರು. 1920ರ ದಶಕದಲ್ಲಿ ಕಟ್ಟರಿಜ್ ಎಂಬ ಇಂಗ್ಲಿಷ್ ವಿದ್ಯಾಧಿಕಾರಿ ದ್ವೀಪಗಳಿಗೆಂದೇ ‘ವೆಸ್ಟ್ ಇಂಡಿಯನ್ ರೀಡರ್’ಗಳನ್ನು ಸಿದ್ಧಪಡಿಸಿದ. 1963ರಲ್ಲಿ ಮೈಟಿ ಸ್ಪ್ಯಾರೋ ಎಂಬ ಪ್ರಖ್ಯಾತ ಕಲಿಪ್ಸೊ ಹಾಡುಗಾರ ಆ ಪಾಠಗಳನ್ನೇ ಹಾಸ್ಯಮಾಡಿ ಒಂದು ಹಾಡು ಕಟ್ಟಿದ: ತಾನು ಜಾಣನಾಗಿ ಆ ಪಾಠಗಳನ್ನು ಚೆನ್ನಾಗಿ ಕಲಿತಿದ್ದರೆ ಪೆದ್ದನಾಗುತ್ತಿದ್ದೆನೆಂಬುದು ಅದರ ಸಾರ. ಬಾರ್ಬಡೋಸಿನ ಕವಿ ಕಮಾವು ಬ್ರಾತ್‌ವೇಟ್ 1984ರಲ್ಲಿ ಪ್ರಕಟವಾದ ‘ಹಿಸ್ಟರಿ ಆಫ್ ದಿ ವಾಯ್ಸ್’ ಎಂಬ ತನ್ನ ಉಪನ್ಯಾಸದಲ್ಲಿ ಒಂದು ಸಂಗತಿ ಹೇಳುತ್ತಾನೆ. ಹಿಮವನ್ನೇ ಕಾಣದ ಮಕ್ಕಳು ಪ್ರಬಂಧ ಬರೆಯಲು ಕೂತಾಗ ಹಿಮ ಬೀಳುವ ವರ್ಣನೆಯನ್ನು ಸಲೀಸಾಗಿ ಬರೆಯುತ್ತಿದ್ದರು. ಹಿಮ ಬೀಳುತ್ತಿದ್ದುದು ಮಾತ್ರ ಕಬ್ಬಿನ ಗದ್ದೆಯ ಮೇಲೆ. ವರ್ಷವರ್ಷವೂ ತಮ್ಮ ಮನೆಯ ಛಾವಣಿ ಹಾರಿಸುವ ಚಂಡಮಾರುತವನ್ನು ವರ್ಣಿಸಲು ಅವರಿಗೆ ಮಾತು ಸಿಕ್ಕುತ್ತಿರಲಿಲ್ಲ. ನನ್ನಂಥ ಶಾಲಾಮಾಸ್ತರರು ಈ ಪುಟವನ್ನು ಎರಡು ಸಲ ಓದಬೇಕು. ನಮ್ಮ ಮಕ್ಕಳ ಪ್ರಬಂಧಗಳಲ್ಲಿಯೂ ಮಾರ್ಗದರ್ಶಿ ಪುಸ್ತಕದ ಹಿಮ ಆಗಾಗ ಬೀಳುವುದುಂಟು.

ನಮ್ಮಲ್ಲಿ ಇಂಗ್ಲಿಷಿನಲ್ಲಿ ಬರೆಯಹೊರಟವನಿಗೆ ಹಿಂದಿರುಗಲು ಒಂದು ಮನೆಯಿತ್ತು. ಕುವೆಂಪು ಅವರು ಯೌವನದಲ್ಲಿ ಇಂಗ್ಲಿಷ್ ಕವನಗಳನ್ನು ಬರೆದು 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂದು ಪ್ರಕಟಿಸಿದ್ದರು. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರನ್ನು ಕಂಡಾಗ, ನಿಮ್ಮ ಭಾಷೆಯಲ್ಲಿಯೇ ಬರೆಯಿರಿ ಎಂದು ಅವರು ಬುದ್ಧಿ ಹೇಳಿದ್ದು ಕನ್ನಡಿಗರಿಗೆಲ್ಲ ತಿಳಿದ ಕಥೆ. ಕುವೆಂಪು ಹಿಂದಿರುಗಿದರು, ಕನ್ನಡಕ್ಕೆ ಏನು ದೊರೆಯಿತೆಂಬುದನ್ನು ಹೇಳಬೇಕಾಗಿಲ್ಲ. ಅದೇ ಬುದ್ಧಿಯನ್ನು ಬಾರ್ಬಡೋಸಿನ ಹುಡುಗನಿಗೆ ಹೇಳಿದ್ದರೆ ಅವನು ಎಲ್ಲಿಗೆ ಹಿಂದಿರುಗಬೇಕು? ಅವನಿಗೆ ಇಂಗ್ಲಿಷಿನಾಚೆ ಬೇರೊಂದು ಮನೆಯಿಲ್ಲ. ಅವನ ಕನ್ನಡವೂ ಇಂಗ್ಲಿಷಿನೊಳಗೇ, ಅಡುಗೆಮನೆಯಲ್ಲಿ, ಬೀದಿಯಲ್ಲಿ, ಸಂತೆಯಲ್ಲಿ ಅಡಗಿ ಕೂತಿತ್ತು. ಅದನ್ನು ಅಕ್ಷರಕ್ಕೆ ತರುವುದು ಹೇಗೆಂಬುದೇ ಅವನ ಮುಂದಿನ ಸಮಸ್ಯೆ. ಈ ವ್ಯತ್ಯಾಸವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ತಿಳಿಯುತ್ತದೆ.

ಜಮೈಕಾದ ಕವಯಿತ್ರಿ ಊನಾ ಮಾರ್ಸನ್ 1905ರಲ್ಲಿ ಹುಟ್ಟಿದವಳು, 1932ರಲ್ಲಿ ಲಂಡನ್ನಿಗೆ ಬಂದಳು, 1941ರಲ್ಲಿ ಬಿ.ಬಿ.ಸಿ.ಯ ಕೆಲಸಕ್ಕೆ ಸೇರಿದಳು. ಬ್ರಿಟನ್ನಿನ ಸೈನ್ಯದಲ್ಲಿದ್ದ ದ್ವೀಪದ ಹುಡುಗರು ತಮ್ಮ ತಾಯಿತಂದೆಗಳಿಗೆ ಕ್ಷೇಮಸಮಾಚಾರ ಹೇಳುವ ‘ಕಾಲಿಂಗ್ ದಿ ವೆಸ್ಟ್ ಇಂಡೀಸ್’ ಎಂಬ ಕಾರ್ಯಕ್ರಮ ಅವಳ ಕೈಯಲ್ಲಿತ್ತು. ಆ ದಿನಗಳಲ್ಲಿಯೇ ಜಾರ್ಜ್ ಆರ್ವೆಲ್ ಬಿ.ಬಿ.ಸಿ.ಯ ಪೂರ್ವದೇಶಗಳ ವಿಭಾಗದಲ್ಲಿದ್ದು ಭಾರತಕ್ಕೆ ಪ್ರಸಾರ ನಡೆಸುತ್ತಿದ್ದ. 1942ರಲ್ಲಿ ಅವನು ನಡೆಸಿದ ‘ವಾಯ್ಸ್’ ಎಂಬ ಬಾನುಲಿ ಪತ್ರಿಕೆಗೆ ಸೇರಿದವರ ಒಂದು ಚಿತ್ರ ಪ್ರಸಿದ್ಧವಾಗಿದೆ. ಅದರಲ್ಲಿ ಟಿ. ಎಸ್. ಎಲಿಯಟ್ ಇದ್ದಾನೆ, ನಮ್ಮ ಮುಲ್ಕ್‌ರಾಜ್ ಆನಂದರಿದ್ದಾರೆ, ಮುಂದೆ ಆಕಾಶವಾಣಿಯ ಮಹಾನಿರ್ದೇಶಕರಾದ ವೀಣಾವಾದಕ ನಾರಾಯಣ ಮೆನನ್ನರಿದ್ದಾರೆ. ಊನಾ ಮಾರ್ಸನ್ನಳೂ ಇದ್ದಾಳೆ. ಸೈನಿಕರ ಕ್ಷೇಮಸಮಾಚಾರದ ಕಾರ್ಯಕ್ರಮಕ್ಕೆ ಅವಳು 1943ರ ಮಾರ್ಚಿಯಲ್ಲಿ ಸಾಹಿತ್ಯವನ್ನು ತಂದಳು. ‘ಕೆರಿಬಿಯನ್ ವಾಯ್ಸಸ್’ ಹುಟ್ಟಿದ್ದು ಹಾಗೆ.

ಯುದ್ಧ ಮುಗಿದ ಮೇಲೆ ಮಾರ್ಸನ್ ತಾಯ್ನಾಡಿಗೆ ಹಿಂದಿರುಗಿದಳು. 1946ರಲ್ಲಿ ಕಾರ್ಯಕ್ರಮ ಹೆನ್ರಿ ಸ್ವಾಂಜಿಯ ಕೈಗೆ ಬಂದಿತು. ಸ್ವಾಂಜಿಯೂ ಐರ್ಲೆಂಡಿನವನು. ಐರಿಷರಿಗೆ ತಮ್ಮ ಭಾಷೆ ಕಳೆದುಕೊಂಡ ನೋವು ಗೊತ್ತು. ಆದುದರಿಂದಲೇ ಕಸಿನ್ಸರೂ ಸ್ವಾಂಜಿಯೂ ಪರರ ನುಡಿಗೆ ಕಿವಿಗೊಟ್ಟರೆಂದು ನನ್ನ ಊಹೆ. ಎಂಟು ವರ್ಷ ಅವನು ಈ ಕೆಲಸವನ್ನು ಶ್ರದ್ಧೆಯಿಂದ ನಡೆಸಿದ. ಅವನು ಬೇಡಿದ್ದು ಸ್ಥಳೀಯವಾದ ಬರವಣಿಗೆಯನ್ನು: ಅಲ್ಲಿಯ ಮಣ್ಣು, ಅಲ್ಲಿಯ ಮರ, ಅಲ್ಲಿಯ ಜನ, ಅವರ ಮಾತು. ಇಂಗ್ಲೆಂಡಿನ ಹೂಗಳನ್ನು ಹಾಡಿದ ಪದ್ಯಗಳು ಹಿಂದಿರುಗಿ ಹೋಗುತ್ತಿದ್ದುವು.

ಕೆಲಸ ನಡೆಯುತ್ತಿದ್ದ ಕ್ರಮವನ್ನು ವಿವರಿಸಬೇಕು, ಅದರಲ್ಲಿಯೇ ಸ್ವಾರಸ್ಯವಿದೆ. ದ್ವೀಪದ್ವೀಪಗಳಿಂದ ಲೇಖಕರು ಬರೆದುದನ್ನು ಜಮೈಕಾದ ಕಿಂಗ್ಸ್ಟನ್ ಪಟ್ಟಣದಲ್ಲಿದ್ದ ಗ್ಲಾಡಿಸ್ ಲಿಂಡೋ ಎಂಬ ಮಹಿಳೆಗೆ ಅಂಚೆಯಲ್ಲಿ ಕಳುಹಿಸುವರು. ಆಕೆಯೂ ಆಕೆಯ ಪತಿಯೂ ಓದಿ, ಜೊಳ್ಳನ್ನು ತೂರಿ, ಉಳಿದುದನ್ನು ಲಂಡನ್ನಿಗೆ ಕಳುಹಿಸುವರು. ಲಂಡನ್ನಿನಲ್ಲಿ ಸ್ವಾಂಜಿ ಆರಿಸಿ, ಅಲ್ಲಿಗೆ ಬಂದು ನೆಲೆಸಿದ್ದ ದ್ವೀಪದವರಿಂದಲೇ ಓದಿಸುವನು. ಆ ದನಿ ಹ್ರಸ್ವತರಂಗಗಳ ಮೇಲೆ ಅಟ್ಲಾಂಟಿಕ್ ಸಾಗರವನ್ನು ದಾಟಿ, ಭಾನುವಾರ ಸಂಜೆ, ಕಥೆ ಹುಟ್ಟಿದ ಊರಿಗೇ ಬಂದು ಮುಟ್ಟುವುದು. ಲೇಖಕನಿಗೆ ಸಂಭಾವನೆಯೂ ಉಂಟು. ಪತ್ರಿಕೆಗಳೂ ಪ್ರಕಾಶಕರೂ ವಿರಳವಾದ ಆ ದ್ವೀಪಗಳಲ್ಲಿ ಅದು ಸಣ್ಣ ಮಾತಲ್ಲ. ಜಮೈಕಾದಿಂದ ಟ್ರಿನಿಡಾಡಿಗೆ ಸಾವಿರ ಮೈಲಿಗೂ ಹೆಚ್ಚು ದೂರ. ಒಂದರ ಲೇಖಕ ಇನ್ನೊಂದಕ್ಕೆ ಅಪರಿಚಿತ. ನೆರೆಯವನ ದನಿಯನ್ನು ಕೇಳುವುದಕ್ಕೂ ಲಂಡನ್ನಿನ ಮೂಲಕವೇ ಹೋಗಬೇಕು!

ಬಾರ್ಬಡೋಸಿನ ಜಾರ್ಜ್ ಲ್ಯಾಮಿಂಗ್ 1960ರ ತನ್ನ ‘ದಿ ಪ್ಲೆಷರ್ಸ್ ಆಫ್ ಎಕ್ಸೈಲ್’ ಪುಸ್ತಕದಲ್ಲಿ ಇದನ್ನು ಸಕ್ಕರೆಗೆ ಹೋಲಿಸಿದ್ದಾನೆ. ಕಬ್ಬು ಬೆಳೆಯುವುದು ದ್ವೀಪದಲ್ಲಿ, ಶುದ್ಧವಾಗುವುದು ಪರದೇಶದಲ್ಲಿ, ಮತ್ತೆ ಮಾರಾಟಕ್ಕೆ ಬರುವುದು ದ್ವೀಪಕ್ಕೆ. ಕಥೆಗಳ ಗತಿಯೂ ಹಾಗೆಯೇ ಆಯಿತು. ಹೋಲಿಕೆಯಲ್ಲಿ ಕಹಿಯೂ ಇದೆ, ಕೃತಜ್ಞತೆಯೂ ಇದೆ. ಅವನ ಇನ್ನೊಂದು ಮಾತೂ ಮನನೀಯವಾದದ್ದು. ದ್ವೀಪದವನು ತನ್ನ ಊರಲ್ಲಿರುವಷ್ಟು ಕಾಲ ಬಾರ್ಬಡೋಸಿನವನೋ ಜಮೈಕಾದವನೋ ಆಗಿರುತ್ತಾನೆ. ಪರನಾಡಿನಲ್ಲಿ ಬೇರೊಂದು ದ್ವೀಪದವನನ್ನು ಕಂಡಾಗಲೇ ತಾನು ವೆಸ್ಟ್ ಇಂಡಿಯನ್ನನೆಂದು ಅವನಿಗೆ ಹೊಳೆಯುವುದು. ಮುಂಬಯಿಯಲ್ಲಿಯೋ ದೆಹಲಿಯಲ್ಲಿಯೋ ಧಾರವಾಡದವನೂ ಮಂಗಳೂರಿನವನೂ ಮೈಸೂರಿನವನೂ ಕನ್ನಡ ಸಂಘದ ಒಂದೇ ಚಾಪೆಯ ಮೇಲೆ ಕೂತಾಗ ಆಗುವುದೂ ಇದೇ ಅಲ್ಲವೆ?

ಇನ್ನು ಹಡಗುಗಳ ಮಾತು. 1948ರ ಜೂನ್ ತಿಂಗಳಲ್ಲಿ ‘ಎಂಪೈರ್ ವಿಂಡ್‌ರಷ್’ ಎಂಬ ಹಡಗು ನೂರಾರು ದ್ವೀಪವಾಸಿಗಳನ್ನು ಹೊತ್ತು ಲಂಡನ್ನಿನ ಬಳಿಯ ಟಿಲ್ಬರಿಗೆ ಬಂದಿತು. ಯುದ್ಧದಿಂದ ಜರ್ಜರಿತವಾದ ಬ್ರಿಟನ್ನಿಗೆ ಕೆಲಸಗಾರರು ಬೇಕಾಗಿದ್ದರು. ಅಂದಿನಿಂದ 1962ರಲ್ಲಿ ಕಾಯಿದೆ ತಡೆ ಹಾಕುವವರೆಗೆ ಜನ ಬರುತ್ತಲೇ ಇದ್ದರು. 1950ರಲ್ಲಿ ಬಂದ ಒಂದು ಹಡಗಿನಲ್ಲಿ ಇಬ್ಬರು ಲೇಖಕರು ಜೊತೆಯಾಗಿ ಬಂದರು. ಒಬ್ಬ ಲ್ಯಾಮಿಂಗ್, ಟ್ರಿನಿಡಾಡಿನ ಒಂದು ಬೋರ್ಡಿಂಗ್ ಶಾಲೆಯಲ್ಲಿ ಮಾಸ್ತರನಾಗಿದ್ದವನು. ಇನ್ನೊಬ್ಬ ಸ್ಯಾಮ್ ಸೆಲ್ವನ್. ಹೆಸರು ಕೇಳಿದೊಡನೆ ನಮ್ಮ ಕಡೆಯದೆಂದು ತಿಳಿಯುತ್ತದೆ. ತಂದೆಯ ಕಡೆ ಮದರಾಸಿನ ಮೂಲ, ತಾಯಿಯ ಕಡೆ ಸ್ಕಾಟ್ಲೆಂಡಿನ ರಕ್ತವೂ ಬೆರೆತಿತ್ತು. 1923ರಲ್ಲಿ ಹುಟ್ಟಿದ ಈತ ಯುದ್ಧಕಾಲದಲ್ಲಿ ನೌಕಾದಳದಲ್ಲಿ ವೈರ್‌ಲೆಸ್ ಆಪರೇಟರನಾಗಿದ್ದ. ದೂರದಿಂದ ಬರುವ ಸದ್ದನ್ನು ಕಿವಿಯಿಟ್ಟು ಬಿಡಿಸುವುದೇ ಐದು ವರ್ಷ ಅವನ ಉದ್ಯೋಗವಾಗಿತ್ತು. ಇಬ್ಬರ ಕಥೆ ಕವನಗಳೂ ಲಂಡನ್ನಿಗೆ ಅವರಿಗಿಂತ ಮೊದಲೇ ಬಾನುಲಿಯ ಮೂಲಕ ಪರಿಚಯವಾಗಿದ್ದುವು.

ಸೆಲ್ವನ್ 1956ರಲ್ಲಿ ‘ದಿ ಲೋನ್ಲಿ ಲಂಡನರ್ಸ್’ ಎಂಬ ಕಾದಂಬರಿಯನ್ನು ಪ್ರಕಟಿಸಿದ. ನನ್ನ ದೃಷ್ಟಿಯಲ್ಲಿ ಈ ಇಡೀ ಇತಿಹಾಸದ ನಡುಗಂಬ ಈ ಪುಸ್ತಕವೇ. ಮೋಸೆಸ್ ಎಂಬ ಹಳಬ, ಮಂಜು ಕವಿದ ಚಳಿಗಾಲದ ಒಂದು ಸಂಜೆ, ಹೊಸದಾಗಿ ಬರುವ ತನ್ನ ನಾಡಿನವನೊಬ್ಬನನ್ನು ಎದುರುಗೊಳ್ಳಲು ವಾಟರ್ಲೂ ರೈಲುನಿಲ್ದಾಣಕ್ಕೆ ಹೋಗುವುದರಿಂದ ಕಥೆ ಮೊದಲಾಗುತ್ತದೆ. ಕೆಲಸ ಹುಡುಕುವವರು, ಬಾಡಿಗೆಯ ಕೋಣೆ ಹುಡುಕುವವರು, ಬಾಗಿಲಲ್ಲಿಯೇ ತಿರಸ್ಕೃತರಾಗುವವರು. ಭಾನುವಾರ ಬೆಳಿಗ್ಗೆ ಎಲ್ಲರೂ ಮೋಸೆಸನ ಕೋಣೆಗೆ ಬಂದು ಹರಟುತ್ತ ಕೂರುವರು. ಇವರಲ್ಲಿ ಟ್ಯಾಂಟಿ ಎಂಬ ಮುದುಕಿ, ಎಂದರೆ ಚಿಕ್ಕಮ್ಮ, ಮರೆಯಲಾಗದ ಪಾತ್ರ. ಲಂಡನ್ನಿನ ದಿನಸಿ ಅಂಗಡಿಗೆ ಹೋಗಿ, ನಮ್ಮೂರಿನಲ್ಲಿ ವಾರಕ್ಕೊಮ್ಮೆ ಲೆಕ್ಕ ತೀರಿಸುವ ಪದ್ಧತಿಯುಂಟು, ನೀನೂ ಉದ್ದರಿ ಕೊಡು ಎಂದು ಹಠ ಹಿಡಿದು, ಅಂಗಡಿಯವನಿಂದ ಕೊಡಿಸಿಕೊಂಡೇ ಬರುತ್ತಾಳೆ. ನಮ್ಮ ಪೇಟೆಬೀದಿಯ ಉದ್ದರಿ ಪುಸ್ತಕ ಕಂಡವರು ಈ ಪ್ರಸಂಗವನ್ನು ನಗದೆ ಓದಲಾರರು.

ಪುಸ್ತಕದ ನಿಜವಾದ ಸಾಹಸ ಭಾಷೆಯಲ್ಲಿದೆ. ಸೆಲ್ವನ್ ಮೊದಲು ಶಿಷ್ಟ ಇಂಗ್ಲಿಷಿನಲ್ಲಿ ಬರೆಯತೊಡಗಿದ್ದ. ಬರವಣಿಗೆ ಮುಂದೆ ಸಾಗಲೊಲ್ಲದಾಯಿತು. ದ್ವೀಪದ ಆಡುನುಡಿಗೆ ತಿರುಗಿದೊಡನೆ ಪುಸ್ತಕ ತಾನಾಗಿ ಓಡಿ ಆರು ತಿಂಗಳಲ್ಲಿ ಮುಗಿಯಿತೆಂದು ಅವನೇ ಹೇಳಿದ್ದಾನೆ. ಪಾತ್ರಗಳ ಬಾಯಲ್ಲಿ ಆಡುನುಡಿಯಿಟ್ಟು, ನಿರೂಪಣೆಯನ್ನು ಶಿಷ್ಟಭಾಷೆಯಲ್ಲಿ ನಡೆಸುವುದು ಅದಕ್ಕೆ ಮುಂಚೆಯೂ ಇದ್ದ ರೂಢಿ. ಅದರಲ್ಲಿ ಒಂದು ಮೇಲು ಕೀಳು ಅಡಗಿದೆ: ಹೇಳುವವನು ಜಗುಲಿಯ ಮೇಲೆ, ಪಾತ್ರಗಳು ಅಂಗಳದಲ್ಲಿ. ಸೆಲ್ವನ್ ನಿರೂಪಕನನ್ನೂ ಅಂಗಳಕ್ಕಿಳಿಸಿದ. ಕಥೆ ಹೇಳುವವನೂ ಕಥೆಯೊಳಗಿನವರೂ ಒಂದೇ ಮಾತನ್ನಾಡಿದರು. ಹಾಗೆಂದು ಅವನು ಬೀದಿಯ ಮಾತನ್ನು ಇದ್ದಂತೆಯೇ ಇಳಿಸಿಕೊಳ್ಳಲಿಲ್ಲ. ಟ್ರಿನಿಡಾಡಿನವನ ಲಯವನ್ನು ಉಳಿಸಿ, ಅನ್ಯರಿಗೂ ತಿಳಿಯುವ ಹಾಗೆ ಹದಮಾಡಿದ ನುಡಿ ಅದು. ಓದಿದರೆ ಬರಹವೆನಿಸುವುದಿಲ್ಲ, ಯಾರೋ ಎದುರು ಕೂತು ಹೇಳುತ್ತಿದ್ದಾರೆಂದೇ ಅನ್ನಿಸುತ್ತದೆ. ಬಾನುಲಿಗೆ ಬರೆದು ಪಳಗಿದ ಕೈಯ ಗುರುತು ಇದರಲ್ಲಿ ಇದೆಯೆಂದು ನಾನು ನಂಬುತ್ತೇನೆ. ಮೈಕಿನ ಮುಂದೆ ನಿಲ್ಲುವ ವಾಕ್ಯಕ್ಕೆ ಉಸಿರಿನ ಅಳತೆ ಬೇಕು; ಅಚ್ಚಿನ ಪುಟ ಅದನ್ನು ಕೇಳುವುದಿಲ್ಲ.

ಹಾಸನದಲ್ಲಿ 1908ರಲ್ಲಿ ಹುಟ್ಟಿದ ರಾಜಾರಾಯರು ಇದೇ ಸಮಸ್ಯೆಯನ್ನು ಇನ್ನೂ ಮೊದಲೇ ಬೇರೊಂದು ದಾರಿಯಲ್ಲಿ ಎದುರಿಸಿದ್ದರು. 1929ರಲ್ಲಿ ಫ್ರಾನ್ಸಿಗೆ ಹೋದ ಅವರ ‘ಕಾಂತಾಪುರ’ 1938ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಹಳ್ಳಿಯ ಅಜ್ಜಿಯೊಬ್ಬಳು ಕಥೆ ಹೇಳುತ್ತಾಳೆ. ಶಬ್ದ ಇಂಗ್ಲಿಷಿನದು, ಉಸಿರು ಕನ್ನಡದ್ದು. ತನ್ನದಲ್ಲದ ಭಾಷೆಯಲ್ಲಿ ತನ್ನದಾದ ಚೇತನವನ್ನು ಹೇಳುವ ಕಷ್ಟವನ್ನು ಅವರು ಅದರ ಮುನ್ನುಡಿಯಲ್ಲಿ ತೋಡಿಕೊಂಡಿದ್ದಾರೆ. ಮೊದಮೊದಲು ‘ಜಯಕರ್ನಾಟಕ’ಕ್ಕೆ ಕನ್ನಡದಲ್ಲಿ ಬರೆದಿದ್ದ ಲೇಖಕರವರು, ಹೊರಗಿನಿಂದ ಇಂಗ್ಲಿಷಿನೊಳಕ್ಕೆ ಕನ್ನಡವನ್ನು ತಂದರು. ಸೆಲ್ವನ್ ಇಂಗ್ಲಿಷಿನೊಳಗೇ ಹುದುಗಿದ್ದುದನ್ನು ಹೊರಕ್ಕೆ ತೆಗೆದ.

ಮೂರನೆಯವನು ವಿ. ಎಸ್. ನೈಪಾಲ್. 1932ರಲ್ಲಿ ಟ್ರಿನಿಡಾಡಿನ ಚಗ್ವಾನಸ್‌ನಲ್ಲಿ ಹುಟ್ಟಿ, 1950ರಲ್ಲಿ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಬಂದವನು. ಪತ್ರಿಕಾಕರ್ತನಾಗಿದ್ದ ತಂದೆ ಸೀಪರ್ಸಾದರ ಕಥೆಗಳೂ ‘ಕೆರಿಬಿಯನ್ ವಾಯ್ಸಸ್’ನಲ್ಲಿ ಪ್ರಸಾರವಾಗಿದ್ದುವು, 1953ರಲ್ಲಿ ಅವರು ತೀರಿಕೊಂಡರು. 1954ರಲ್ಲಿ ಸ್ವಾಂಜಿ ಆಫ್ರಿಕದ ಗೋಲ್ಡ್‌ಕೋಸ್ಟಿಗೆ ಹೊರಟಾಗ ಕಾರ್ಯಕ್ರಮದ ಸಂಪಾದಕತ್ವ ಇಪ್ಪತ್ತೆರಡರ ಈ ಯುವಕನಿಗೆ ಬಂದಿತು. 1955ರಲ್ಲಿ ಒಂದು ದಿನ ಬಿ.ಬಿ.ಸಿ.ಯ ಲ್ಯಾಂಗಮ್ ಕಟ್ಟಡದ ಕೋಣೆಯಲ್ಲಿ, ಬಿ.ಬಿ.ಸಿ.ಯದೇ ಟೈಪ್‌ರೈಟರಿನ ಮೇಲೆ, ಪುಟ ತಿರುಗಿಸಿದರೆ ಮೈಕಿಗೆ ಸದ್ದು ಕೇಳಿಸದ ಬಾನುಲಿಯ ಕಾಗದದ ಮೇಲೆ, ತನ್ನ ಬಾಲ್ಯದ ಬೀದಿಯ ಒಂದು ಕೂಗನ್ನು ನೆನೆದು ಮೊದಲ ವಾಕ್ಯ ಟೈಪು ಮಾಡಿದನೆಂದು ಅವನೇ ಬರೆದಿದ್ದಾನೆ. ಆ ಕಥೆಯಿಂದ ಬೆಳೆದ ‘ಮಿಗುಯೆಲ್ ಸ್ಟ್ರೀಟ್’ 1959ರಲ್ಲಿ ಪುಸ್ತಕವಾಯಿತು. ನೈಪಾಲನ ನಿರೂಪಣೆ ಮಾತ್ರ ಶಿಷ್ಟ ಇಂಗ್ಲಿಷಿನದೇ. ಪಾತ್ರಗಳಷ್ಟೇ ಬೀದಿಯ ಮಾತಾಡುತ್ತವೆ. ಜಗುಲಿಯಿಂದ ಅವನು ಇಳಿಯಲಿಲ್ಲ. 2001ರಲ್ಲಿ ನೊಬೆಲ್ ಬಹುಮಾನವೂ ಬಂದಿತು. ಕೌಶಲದಲ್ಲಿ ಅವನು ಸೆಲ್ವನ್ನನಿಗೆ ಮಿಗಿಲೆಂದು ಹೇಳುವವರುಂಟು. ಆಪ್ತತೆಯಲ್ಲಿ ಸೆಲ್ವನ್ನನೇ ನನಗೆ ಹತ್ತಿರದವನು.

ಬಾನುಲಿ ಕಿವಿಯ ಮೇಲೆ ಮಾಡಿದ ಇನ್ನೊಂದು ಉಪಕಾರವನ್ನು ಬ್ರಾತ್‌ವೇಟ್ ತನ್ನ ಉಪನ್ಯಾಸದ ಟಿಪ್ಪಣಿಯಲ್ಲಿ ಹೇಳಿದ್ದಾನೆ. ದ್ವೀಪದ ಕವಿಗಳಿಗೆ ದಾರಿ ತೋರಿದ್ದು ಎಲಿಯಟ್ಟನ ಪುಸ್ತಕಕ್ಕಿಂತ ಅವನ ಮುದ್ರಿತ ಧ್ವನಿ. ಬ್ರಿಟಿಷ್ ಕೌನ್ಸಿಲಿನಲ್ಲಿದ್ದ ಆ ತಟ್ಟೆಯಲ್ಲಿ ಕವಿತೆ ಮಾತಿನ ಹಾಗೆ ನಡೆಯುವುದನ್ನು ಅವರು ಕೇಳಿದರು. ಜೊತೆಗೆ ಕ್ರಿಕೆಟ್ ವೀಕ್ಷಕ ವಿವರಣೆ ಕೊಡುತ್ತಿದ್ದ ಜಾನ್ ಆರ್ಲಟ್ಟನ ದನಿ. ಆರ್ಲಟ್ ಹ್ಯಾಂಪ್‌ಷೈರಿನವನು, ತನ್ನ ಊರಿನ ಉಚ್ಚಾರಣೆಯಲ್ಲಿಯೇ ಬಿ.ಬಿ.ಸಿ.ಯಲ್ಲಿ ಮಾತಾಡಿದ. ಇಂಗ್ಲಿಷರಲ್ಲಿಯೇ ಒಬ್ಬನು ದೇಸಿಯಲ್ಲಿ ಇಷ್ಟು ಸೊಗಸಾಗಿ ಹೇಳಬಲ್ಲನಾದರೆ ನಮಗೇಕೆ ಸಂಕೋಚ ಎಂದಿತು ದ್ವೀಪದ ಕಿವಿ. ಜಮೈಕಾದ ಲೂಯಿಸ್ ಬೆನೆಟ್ ಇದಕ್ಕೂ ಮುಂಚೆಯೇ ಆಡುನುಡಿಯ ಪದ್ಯಗಳಿಂದ ಜನರನ್ನು ನಗಿಸುತ್ತಿದ್ದಳು. ಆಡುನುಡಿಯನ್ನು ಕೊಲ್ಲಹೊರಟ ಒಬ್ಬ ಮಹಾಶಯನಿಗೆ ಒಂದು ಪದ್ಯದಲ್ಲಿ ಅವಳು ಹಾಕುವ ಸವಾಲು ಚೆನ್ನಾಗಿದೆ: ಹಾಗಾದರೆ ಇಂಗ್ಲಿಷಿನ ಸ್ವಂತ ಪ್ರಾಂತ್ಯಭೇದಗಳನ್ನೂ ಕೊಲ್ಲಬೇಕಾಗುತ್ತದೆ, ಹಳೆಯ ಕವಿಗಳ ಪುಸ್ತಕಗಳನ್ನೂ ಹರಿಯಬೇಕಾಗುತ್ತದೆ.

‘ಕೆರಿಬಿಯನ್ ವಾಯ್ಸಸ್’ 1958ರಲ್ಲಿ ನಿಂತಿತು. ಕೊನೆಯ ಎರಡು ವರ್ಷ ಅದನ್ನು ನಡೆಸಿದವನು ಗಯಾನಾದ ಕಾದಂಬರಿಕಾರ ಎಡ್ಗರ್ ಮಿಟಲ್‌ಹೋಲ್ಜರ್. ಓದಿದ ಬರಹಗಳ ಟೈಪುಪ್ರತಿಗಳು ಉಳಿದಿವೆ. ಧ್ವನಿಮುದ್ರಣಗಳಲ್ಲಿ ಬಹುಪಾಲು ಉಳಿದಿಲ್ಲ. ದನಿಗಾಗಿ ಹುಟ್ಟಿದ್ದು ಕಾಗದವಾಗಿ ಉಳ್ಳುಳಿಯಿತು.

ಲೇಖಕರು ಗೆದ್ದರು, ಸರಿ. ಮಕ್ಕಳ ಪಾಡೇನಾಯಿತು? ದ್ವೀಪಗಳಿಂದ ತಾಯಿತಂದೆಯರ ಬಳಿಗೆ ಬಂದು ಇಂಗ್ಲೆಂಡಿನ ಶಾಲೆಗಳಿಗೆ ಸೇರಿದ ಮಕ್ಕಳು ಒಂದು ವಿಚಿತ್ರವಾದ ಬಿಕ್ಕಟ್ಟಿಗೆ ಸಿಕ್ಕಿದರು. ಪಂಜಾಬಿನಿಂದ ಬಂದ ಮಗುವಿಗೆ ಇಂಗ್ಲಿಷು ಹೊಸದೆಂದು ಮಾಸ್ತರರಿಗೆ ಗೊತ್ತು. ಅದಕ್ಕೆ ಬೇರೆ ಪಾಠವುಂಟು. ಜಮೈಕಾದ ಮಗು ಆಡುವುದು ಇಂಗ್ಲಿಷೇ, ಆದರೆ ಅದು ತಪ್ಪು ಇಂಗ್ಲಿಷಾಗಿ ಕೇಳಿಸುತ್ತದೆ. ಆದುದರಿಂದ ಮಗುವೇ ಮಂದಬುದ್ಧಿಯದೆಂದು ತೀರ್ಮಾನ. ಬುದ್ಧಿಪರೀಕ್ಷೆಯ ಪ್ರಶ್ನೆಗಳೂ ಶಿಷ್ಟ ಇಂಗ್ಲಿಷಿನಲ್ಲಿಯೇ ಇದ್ದುವು. ಮಂದಬುದ್ಧಿಯವರಿಗೆಂದು ಇದ್ದ ವಿಶೇಷ ಶಾಲೆಗಳಿಗೆ ಈ ಮಕ್ಕಳನ್ನು ಮಿತಿಮೀರಿ ಕಳುಹಿಸಲಾಗುತ್ತಿದೆಯೆಂದು ಗ್ರೆನಡಾದಿಂದ ಬಂದು ಲಂಡನ್ನಿನಲ್ಲಿ ಅಧ್ಯಾಪಕನಾಗಿದ್ದ ಬರ್ನಾರ್ಡ್ ಕೋರ್ಡ್ 1971ರಲ್ಲಿ ಒಂದು ಕಿರುಹೊತ್ತಿಗೆಯಲ್ಲಿ ಬಯಲಿಗೆಳೆದ. ತಾಯಿತಂದೆಯರು ಎಚ್ಚೆತ್ತರು, ಶನಿವಾರದ ಶಾಲೆಗಳನ್ನು ತಾವೇ ತೆರೆದು ಮಕ್ಕಳಿಗೆ ಪಾಠ ಹೇಳಿಸಿದರು. ಒಂದು ಉಚ್ಚಾರಣೆಯನ್ನು ಅಳತೆಗೋಲು ಮಾಡಿಕೊಂಡ ವಿದ್ಯೆ ಎಲ್ಲಿಗೆ ಮುಟ್ಟೀತೆಂಬುದಕ್ಕೆ ಇದಕ್ಕಿಂತ ಕ್ರೂರವಾದ ನಿದರ್ಶನ ನನಗೆ ತಿಳಿಯದು. ಕಾದಂಬರಿಯಲ್ಲಿ ಟ್ಯಾಂಟಿಯ ಮಾತಿಗೆ ನಕ್ಕವರು, ಶಾಲೆಯಲ್ಲಿ ಅವಳ ಮೊಮ್ಮಗನ ಅದೇ ಮಾತಿಗೆ ಸೊನ್ನೆ ಕೊಟ್ಟರು.

ಯಂತ್ರದ ಕಿವಿಯೂ ಇನ್ನೂ ಪಕ್ಷಪಾತವನ್ನು ಬಿಟ್ಟಿಲ್ಲ. ಗ್ರಾಮಫೋನು ತಟ್ಟೆ ಹೇಳಿಕೊಡುತ್ತಿತ್ತು, ಕೇಳಿಸಿಕೊಳ್ಳುತ್ತಿರಲಿಲ್ಲ. ಈಗ ನಮ್ಮ ಮಕ್ಕಳ ಕೈಯ ಫೋನು ಅವರ ಇಂಗ್ಲಿಷನ್ನು ಕೇಳಿ, ತಪ್ಪು ಒಪ್ಪು ಎಂದು ತೀರ್ಪು ಕೊಡುತ್ತದೆ. 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ಐದು ದೊಡ್ಡ ಕಂಪನಿಗಳ ಮಾತು ಗುರುತಿಸುವ ಯಂತ್ರಗಳನ್ನು ಪರೀಕ್ಷಿಸಿತು. ಬಿಳಿಯರ ಮಾತನ್ನು ಬರಹಕ್ಕಿಳಿಸುವಾಗ ನೂರು ಪದಕ್ಕೆ ಸರಾಸರಿ 19 ತಪ್ಪು. ಕರಿಯರ ಮಾತಿಗೆ 35 ತಪ್ಪು. ಯಂತ್ರ ಯಾರ ದನಿಯನ್ನು ಕೇಳಿ ಬೆಳೆದಿದೆಯೋ ಅವರ ದನಿಯೇ ಅದಕ್ಕೆ ಸರಾಗ. ಉಪಾಧ್ಯಾಯರು ಇದನ್ನು ತಿಳಿದಿರಬೇಕು. ಯಂತ್ರ ತಪ್ಪೆಂದಾಕ್ಷಣ ಹುಡುಗಿಯ ಬಾಯಿ ಮುಚ್ಚಿಸಬಾರದು.

ಆ ಕಾಲದ ಇಂಗ್ಲಿಷ್ ಶಾಲೆಗಳಲ್ಲಿ ಕಲಿತ ಒಬ್ಬ ಹುಡುಗನ ಹೆಸರು ಲಿಂಟನ್ ಕ್ವೇಸಿ ಜಾನ್ಸನ್. 1952ರಲ್ಲಿ ಜಮೈಕಾದಲ್ಲಿ ಹುಟ್ಟಿ, 1963ರಲ್ಲಿ ಹನ್ನೊಂದರ ವಯಸ್ಸಿಗೆ ಲಂಡನ್ನಿಗೆ ಬಂದವನು. ಅವನು ಜಮೈಕಾದ ಆಡುನುಡಿಯಲ್ಲಿ ಕವಿತೆ ಬರೆದ. ಉಚ್ಚಾರಣೆಯಿದ್ದಂತೆಯೇ ಅಕ್ಷರ ಹಾಕಿದ. ಅಷ್ಟಕ್ಕೇ ನಿಲ್ಲದೆ, ಜಮೈಕಾದ ರೆಗ್ಗೆ ವಾದ್ಯಗಳ ತಾಳದ ಮೇಲೆ ತಾನೇ ನುಡಿದು 1978ರಲ್ಲಿ ತಟ್ಟೆಯಾಗಿ ಹೊರತಂದ. ಲಿಂಗ್ವಾಫೋನು ಮನೆಮನೆಗೆ ಹಂಚಿದ ಜಾತಿಯದೇ ಕರಿಯ ತಟ್ಟೆ. 2002ರಲ್ಲಿ ಪೆಂಗ್ವಿನ್ ಪ್ರಕಾಶನದವರು ಅವನ ಕವಿತೆಗಳನ್ನು ತಮ್ಮ ಆಧುನಿಕ ಅಭಿಜಾತ ಕೃತಿಗಳ ಮಾಲೆಯಲ್ಲಿ, ಅವನು ಹಾಕಿದ ಅಕ್ಷರಗಳಲ್ಲಿಯೇ, ಅಚ್ಚುಮಾಡಿದರು.